19 ದಿನದ ಕೂಸು, ಮೇ ಬಿಸಿಲು: ನೀರು ಕುಡಿಸಬೇಕಾ? ನನ್ನ ಹಾಲು ಸಾಲುತ್ತಿಲ್ವಾ?

ಆಳಂದದ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ ಇದು ಚೊಚ್ಚಲ ಹೆರಿಗೆ, ಹೆಣ್ಣು ಮಗು, ಇವತ್ತಿಗೆ 19 ದಿನ. ಕಲಬುರಗಿಯಲ್ಲಿ ಹೆರಿಗೆ ಆಯ್ತು, ಈಗ ಆಳಂದ ಹತ್ತಿರ ತವರುಮನೆಯಲ್ಲಿದ್ದೇನೆ. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಗಿ ಮರುದಿನ ಸಂಜೆ ಹುಟ್ಟಿದಳು. ನಾರ್ಮಲ್, ಆದರೆ ಹೊಲಿಗೆ ಬಿದ್ದಿವೆ, ಇನ್ನೂ ನೆಟ್ಟಗೆ ಕೂರೋಕೆ ಆಗಲ್ಲ. ಹುಟ್ಟಿದ ಕೂಡಲೇ ಎದೆ ಮೇಲೆ ಮಲಗಿಸಿದರು, ಅಳು ನಿಲ್ಲಿಸಿ ನನ್ನ ಮುಖಾನೇ ನೋಡಿದಳು. ನೆನೆಸಿಕೊಂಡರೆ ಈಗಲೂ ಕಣ್ಣು ತುಂಬುತ್ತೆ.

ಈಗಿನ ಚಿಂತೆ ಹಾಲಿನದು. ಸಂಜೆ ಆರರಿಂದ ಹತ್ತರ ತನಕ ಎದೆ ಬಿಡಲ್ಲ. ಕುಡಿಯುತ್ತಾಳೆ, ಹತ್ತು ನಿಮಿಷ ಮಲಗುತ್ತಾಳೆ, ಮತ್ತೆ ಅಳುತ್ತಾಳೆ. ನೋಡೋಕೆ ಬಂದವರೆಲ್ಲ "ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಹಾಕು" ಅಂತಾರೆ. ಅವ್ವ ಹಾಗೆ ಹೇಳಲ್ಲ, ಆದರೆ ಈ ಬಿಸಿಲಿಗೆ ಕೂಸಿನ ಗಂಟಲು ಒಣಗುತ್ತೆ, ಹತ್ತಿ ಅದ್ದಿ ಎರಡು ಹನಿ ಸಕ್ಕರೆ ನೀರಾದರೂ ಹಾಕೋಣ ಅಂತಾಳೆ. ನನಗೂ ನೀರು ಅಳೆದು ಕೊಡುತ್ತಾರೆ, ಬಾಣಂತಿ ಜಾಸ್ತಿ ನೀರು ಕುಡಿದರೆ ಹೊಟ್ಟೆ ಬರುತ್ತಂತೆ. ಫ್ಯಾನ್ ಹಚ್ಚುವ ಹಾಗಿಲ್ಲ, ಕಿಟಕಿ ಮುಚ್ಚಿದೆ, ಹೊರಸಿನ ಕೆಳಗೆ ಕೆಂಡ. ಕಿವಿಗೆ ಕಟ್ಟಿದ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಹಿಂಡುವ ಹಾಗಿರುತ್ತೆ.

ಹುಟ್ಟಿದಾಗ 2 ಕೆಜಿ 700 ಗ್ರಾಂ ಇದ್ದಳು. ಮೂರನೇ ದಿನ ಮನೆಗೆ ಕಳಿಸುವಾಗ 2 ಕೆಜಿ 520. 14ನೇ ದಿನ ಆಶಾ ಅಕ್ಕ ಬಂದು ತೂಗಿದಾಗ 2 ಕೆಜಿ 790. ಇಷ್ಟೇ ಏರಿದ್ದು. ನನ್ನ ಹಾಲು ನಿಜವಾಗಲೂ ಕಮ್ಮಿ ಇದೆಯಾ? ರಾತ್ರಿ ಸುಮ್ನೆ ಅಳು ಬರುತ್ತೆ. ದಯವಿಟ್ಟು ಹೇಳಿ.

ಹೆರಿಗೆ ವಾರ್ಡಿನ ನರ್ಸ್, ಕಲಬುರಗಿ

ತಂಗಿ, ನೀವು ಕೊಟ್ಟ ತೂಕದಲ್ಲೇ ಉತ್ತರ ಇದೆ. ಮೊದಲ ಮೂರ್ನಾಲ್ಕು ದಿನ ಕೂಸಿನ ತೂಕ ಇಳಿಯೋದು ಸಹಜ. ನಿಮ್ಮ ಮಗಳದ್ದು 180 ಗ್ರಾಂ ಇಳಿದಿತ್ತು, ನೂರಕ್ಕೆ ಏಳರಷ್ಟು, ಅದಕ್ಕೆ ಗಾಬರಿ ಬೇಡ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದರೆ ಸಾಕು, ಅವಳು ದಾಟಿಬಿಟ್ಟಿದ್ದಾಳೆ. 11 ದಿನಕ್ಕೆ 270 ಗ್ರಾಂ ಅಂದರೆ ದಿನಕ್ಕೆ ಸುಮಾರು 25 ಗ್ರಾಂ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುವ ಕೂಸು ಚೆನ್ನಾಗಿ ಕುಡಿಯುತ್ತಿದೆ ಅಂತಲೇ ಅರ್ಥ. ನಿಮ್ಮ ಹಾಲು ಸಾಲುತ್ತಿದೆ.

ಇನ್ನೊಂದು ಅಳತೆ ಮೂತ್ರ. ಐದಾರು ದಿನ ಕಳೆದ ಮೇಲೆ 24 ಗಂಟೆಯಲ್ಲಿ ಆರು ಸಲ ಅಥವಾ ಜಾಸ್ತಿ ಬಟ್ಟೆ ಒದ್ದೆ ಆಗಬೇಕು, ಮೂತ್ರದ ಬಣ್ಣ ತಿಳಿಯಾಗಿರಬೇಕು. ಸಂಜೆ ಎದೆ ಬಿಡದೆ ಕುಡಿಯೋದು ಈ ವಯಸ್ಸಿನ ಕೂಸುಗಳಲ್ಲಿ ತುಂಬಾ ಸಾಮಾನ್ಯ. ಅದನ್ನ ನೋಡಿ ಡಬ್ಬಿ ಹಾಲು ಶುರು ಮಾಡಬೇಡಿ.

ನೀರಂತೂ ಬೇಡವೇ ಬೇಡ, ಸಕ್ಕರೆ ನೀರು, ಜೇನು, ಬಜೆ ಯಾವುದೂ ಬೇಡ. ತಾಯಿ ಹಾಲಿನಲ್ಲಿ ನೂರಕ್ಕೆ 87–88 ಭಾಗ ನೀರೇ ಇರುತ್ತೆ. ಬಿಸಿಲು ಎಷ್ಟೇ ಇರಲಿ, ಆರು ತಿಂಗಳ ತನಕ ಅದರಲ್ಲೇ ಬಾಯಾರಿಕೆ ತೀರುತ್ತೆ. ಅಷ್ಟು ಸಣ್ಣ ಹೊಟ್ಟೆಗೆ ನೀರು ತುಂಬಿಸಿದರೆ ಹಾಲು ಕುಡಿಯೋದು ಕಡಿಮೆಯಾಗುತ್ತೆ, ನೀರು ಚೊಕ್ಕಟ ಇಲ್ಲದಿದ್ದರೆ ಭೇದಿ ಹಿಡಿಯುತ್ತೆ. ಬಿಸಿಲು ಜಾಸ್ತಿ ಅನಿಸಿದರೆ ಇನ್ನೊಂದು ಸಲ ಎದೆಗೆ ಹಾಕಿ, ದಿನಕ್ಕೆ 8ರಿಂದ 12 ಸಲ ಕುಡಿಸೋದು ಸರಿಯೇ.

ಆದರೆ ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಸುಟ್ಟರೆ ಇಲ್ಲವೇ ತಣ್ಣಗಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ಅಂಗೈ ಅಂಗಾಲು ಹಳದಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಿಮಗೆ ಜ್ವರ ಬಂದರೂ, ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ಒದ್ದೆ ಆಗುವಷ್ಟು ರಕ್ತ ಹೋದರೂ ಅಷ್ಟೇ.

ಸೇಡಂ ಅಮ್ಮ

ಇದನ್ನ ಓದಿ ನನ್ನ ಮೊದಲ ಬಾಣಂತನವೇ ಕಣ್ಣ ಮುಂದೆ ಬಂತು. ನಮ್ಮ ಮನೆಯಲ್ಲೂ ಹೀಗೇ ಹೇಳಿದರು, ನಾನು ಹೆದರಿ ಹತ್ತನೇ ದಿನಕ್ಕೆ ಬಾಟಲಿ ಹಿಡಿಸಿದೆ. ರಾತ್ರಿ ಒಂದು ಬಾಟಲಿ ಇದ್ದದ್ದು ನಾಲ್ಕಾಯ್ತು. ಮಗ ಎದೆ ಚೀಪೋದು ಕಡಿಮೆ ಮಾಡಿದ, ಹಾಲೂ ಕಡಿಮೆಯಾಯ್ತು. ಕೂಸು ಚೀಪಿದಷ್ಟೂ ಹಾಲು ಇಳಿಯುತ್ತೆ ಅನ್ನೋದು ಆಗ ಯಾರೂ ಹೇಳಲಿಲ್ಲ. ಬಾಟಲಿ ಬಿಡಿಸಿ ಮತ್ತೆ ಎದೆಗೆ ತರೋಕೆ ಎರಡು ವಾರ ಹಿಡೀತು, ಆ ಎರಡು ವಾರ ನಾನೂ ಅವನ ಜೊತೆ ಅತ್ತಿದ್ದೇನೆ.

ತೊಟ್ಟು ನೋಯುತ್ತಿದೆಯಾ ನೋಡಿಕೊಳ್ಳಿ. ನನ್ನದು ಸೀಳಿ ರಕ್ತ ಬರುತ್ತಿತ್ತು, ಹಾಲು ಕುಡಿಸುವ ಹೊತ್ತಾದರೆ ಹಲ್ಲು ಕಚ್ಚಿ ಕೂರುತ್ತಿದ್ದೆ. ಆಮೇಲೆ ಒಬ್ಬ ಸಿಸ್ಟರ್ ಪಕ್ಕದಲ್ಲಿ ಕೂತು ತೋರಿಸಿದರು. ಕೂಸಿನ ಹೊಟ್ಟೆ ನಮ್ಮ ಹೊಟ್ಟೆಗೆ ತಾಗುವ ಹಾಗೆ ಪೂರ್ತಿ ಮೈ ತಿರುಗಿಸಿ, ಬಾಯಿ ಆಕಳಿಸುವಷ್ಟು ದೊಡ್ಡದಾಗಿ ತೆರೆದ ಮೇಲೆ ಹತ್ತಿರ ತರಬೇಕು. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ಆಗ "ಗುಟುಕ್" ಅಂತ ನುಂಗುವ ಸದ್ದು ಕೇಳುತ್ತೆ. ಆ ಸದ್ದು ಮೊದಲ ಸಲ ಕೇಳಿದಾಗ ನನಗೆ ಆದ ಖುಷಿ ಹೇಳೋಕಾಗಲ್ಲ.

ಹೊಲಿಗೆ ನೋವಿದ್ದರೆ ಮಗ್ಗುಲಾಗಿ ಮಲಗಿಯೇ ಕುಡಿಸಬಹುದು, ಆದರೆ ಪಕ್ಕದಲ್ಲಿ ಒಬ್ಬರು ಎಚ್ಚರ ಇರಲಿ.

ಚಿತ್ತಾಪುರದ ಅಜ್ಜಿ

ನಾಲ್ಕು ಹೆಣ್ಣುಮಕ್ಕಳ ಬಾಣಂತನ ಮಾಡಿದ್ದೇನೆ ಮಗಳೇ. ನಿಮ್ಮ ಅವ್ವನಿಗೆ ಈ ಮಾತು ಓದಿ ಹೇಳು. ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿಯನ್ನ ಬ್ಯಾಳಿ ಸಾರಿನಲ್ಲಿ ನೆನೆಸಿ ಉಣ್ಣೋದು, ಎಣ್ಣೆ ಹಚ್ಚಿ ಎರೆಯೋದು, ಇವೆಲ್ಲ ಒಳ್ಳೆಯವೇ, ಬಿಡಬೇಡಿ. ಆದರೆ ಬಾಣಂತಿಗೆ ನೀರು ಕಟ್ಟಬಾರದು. ನಾನೂ ಮೊದಲ ಮಗಳಿಗೆ ಕಟ್ಟಿದ್ದೆ. ಅವಳಿಗೆ ಮಲ ಗಟ್ಟಿಯಾಗಿ, ಹೊಲಿಗೆ ಇದ್ದ ಜಾಗದಲ್ಲಿ ಎಷ್ಟು ನೋವು ತಿಂದಳು ಅಂದರೆ ಇವತ್ತಿಗೂ ನನಗೆ ಸಂಕಟ ಆಗುತ್ತೆ. ಕೂಸಿಗೆ ಹಾಲು ಕುಡಿಸಲು ಕೂತಾಗೆಲ್ಲ ಒಂದು ತಂಬಿಗೆ ಕಾಯಿಸಿ ಆರಿಸಿದ ನೀರು ಕೈಗೆ ಸಿಗುವಂತೆ ಇಡಿ.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಡೋದು ಇವತ್ತೇ ನಿಲ್ಲಿಸಿ. ಅದರಿಂದ ಬರುವ ವಿಷಗಾಳಿಗೆ ವಾಸನೆಯೇ ಇರಲ್ಲ, ತಾಯಿ ಕೂಸು ಇಬ್ಬರ ಜೀವಕ್ಕೂ ಅಪಾಯ. ಮೊದಲು ಮಣ್ಣಿನ ಮನೆ, ಚಳಿಗಾಲ, ತಟ್ಟಿ ಬಾಗಿಲು. ಈಗ ಮೇ ತಿಂಗಳು, ಆರ್‌ಸಿಸಿ ಚಾವಣಿ. ಫ್ಯಾನ್ ಹಚ್ಚಿ, ನೇರ ಕೂಸಿನ ಮುಖಕ್ಕೆ ಬೀಸದಿದ್ದರೆ ಆಯ್ತು. ಕೂಸಿಗೆ ತೆಳು ಹತ್ತಿ ಅಂಗಿ ಸಾಕು.

ಬೀದರ್‌ನ ಅಪ್ಪ

ಅಳು ಬರುತ್ತೆ ಅಂದಿದ್ದೀರಲ್ಲ ಅಕ್ಕಾ, ಅದನ್ನ ದಾಟಿಸಿ ಓದೋಕೆ ಮನಸ್ಸಾಗಲಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬಂದು ಎರಡು ವಾರದೊಳಗೆ ತಾನಾಗೇ ಕಡಿಮೆಯಾಗೋದು ಸಾಮಾನ್ಯ. ಎರಡು ವಾರ ದಾಟಿಯೂ ಇದ್ದರೆ ಡಾಕ್ಟರಿಗೆ ಹೇಳಲೇಬೇಕು, ನಿಮಗೆ ಈಗ 19 ದಿನ. ನನ್ನ ಹೆಂಡತಿ ತವರಲ್ಲಿದ್ದಾಗ ಫೋನಿನಲ್ಲಿ "ಚೆನ್ನಾಗಿದ್ದೀನಿ" ಅನ್ನುತ್ತಿದ್ದಳು, ನಾನು ನಂಬಿಬಿಟ್ಟೆ. ಕೂಸು ಮಲಗಿದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. 14416 ಟೆಲಿ ಮಾನಸ್, ಮನಸ್ಸಿನ ಸಂಕಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಯಜಮಾನರಿಗೆ ಈ ರಾತ್ರಿಯೇ ಹೇಳಿ, ರಜೆ ಹಾಕಿ ಬರಲಿ.

ಆಳಂದದ ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಜ್ಜಿಯ ಮಾತು ಜೋರಾಗಿ ಓದಿದೆ, ಅವ್ವ ಏನೂ ಹೇಳದೆ ಎದ್ದು ಹೋಗಿ ಅಗ್ಗಿಷ್ಟಿಕೆ ಅಂಗಳಕ್ಕೆ ಇಟ್ಟು ಬಂದಳು. ನಿನ್ನೆಯಿಂದ ಕೂಸಿನ ಬಟ್ಟೆ ಒದ್ದೆಯಾದಾಗೆಲ್ಲ ಒಂದು ಬಟ್ಟಲಿಗೆ ಒಂದೊಂದು ಹುಣಸೆ ಬೀಜ ಹಾಕುತ್ತಿದ್ದಾಳೆ. ಇವತ್ತು ಬೆಳಗ್ಗೆ ಎಣಿಸಿದೆವು, ಒಂಬತ್ತು. ನಾಳೆ 21ನೇ ದಿನಕ್ಕೆ ಆಶಾ ಅಕ್ಕ ಬರುತ್ತಾರೆ, ತೂಕ ನೋಡಿಸುತ್ತೇನೆ, ಅಳುವ ವಿಷಯವನ್ನೂ ಹೇಳುತ್ತೇನೆ. ನಮ್ಮ ಯಜಮಾನರೂ ಹೊರಟಿದ್ದಾರೆ, ರಾತ್ರಿ ಬಸ್ಸಿಗೆ.