ಖಾಲಿ ಲಿಪ್‌ಸ್ಟಿಕ್ ಟ್ಯೂಬ್, ಒಡೆದ ಕಾಂಪ್ಯಾಕ್ಟ್: ಬ್ಯೂಟಿಷಿಯನ್ ಮೇಡಂಗೆ ಪ್ರಶ್ನೆಗಳು

ಪ್ರಶ್ನೆ (ಕುವೆಂಪುನಗರ, ಮೈಸೂರು): ಮೇಡಂ, ಹೂಬಳ್ಳಿ ಕೆತ್ತನೆಯ ಎರಡು ಲಿಪ್‌ಸ್ಟಿಕ್ ಟ್ಯೂಬ್ ಖಾಲಿಯಾಗಿವೆ, ಎಸೆಯೋಕೆ ಮನಸ್ಸಿಲ್ಲ. ಲಿಪ್‌ಬಾಮ್ ತುಂಬಿಸಿದರೆ ತಿರುಗಿಸೋ ಬುಡ ಕಚ್ಚಿಕೊಳ್ಳುತ್ತೆ ಅಂತಾರೆ. ಯಾಕೆ?

ಉತ್ತರ: ಒಳಗಿನ ಕೊಳವೆಯ ಪಕ್ಕದಲ್ಲಿ ಉದ್ದಕ್ಕೆ ಸೀಳು ಇದೆ ನೋಡಿ. ಬಣ್ಣ ಕೂರೋ ಪುಟ್ಟ ಬಟ್ಟಲಿನ ಕಿವಿ, ಅಂದರೆ ಪಕ್ಕಕ್ಕೆ ಚಾಚಿದ ಸಣ್ಣ ಗುಬುಟು, ಆ ಸೀಳಿನಲ್ಲೇ ಮೇಲೆ ಕೆಳಗೆ ಓಡಾಡುತ್ತೆ. ಬಟ್ಟಲನ್ನು ಕೆಳಗಿಳಿಸಿ ಬಿಸಿ ಬಾಮ್ ಸುರಿದರೆ ಅದು ಸೀಳಿನಿಂದ ಸೋರಿ, ಹೊರಗಿನ ಸುರುಳಿಯಲ್ಲಿ ಗಟ್ಟಿಯಾಗುತ್ತೆ. ಆಮೇಲೆ ಬಲವಂತವಾಗಿ ತಿರುಗಿಸಿದರೆ ಕಿವಿ ಮುರಿಯುತ್ತೆ.

ಅದಕ್ಕೇ ಬಟ್ಟಲನ್ನು ಪೂರ್ತಿ ಮೇಲೆತ್ತಿ. ಬಟರ್ ಪೇಪರನ್ನು ಬಟ್ಟಲಿನೊಳಗೆ ಬಿಗಿಯಾಗಿ ಕೂರೋ ಹಾಗೆ ಕೊಳವೆ ಸುತ್ತಿ, ಹೊರಗಿನಿಂದ ಟೇಪ್ ಹಚ್ಚಿ. ಮೊದಲು ನಾಲ್ಕೈದು ಹನಿ ಮಾತ್ರ ಬಿಟ್ಟು ತಳ ಗಟ್ಟಿಯಾಗಲಿ. ಕೆಲವು ಬಟ್ಟಲಿನ ತಳದಲ್ಲಿ ತೂತು ಇರುತ್ತೆ, ಈ ಹನಿ ಅದನ್ನೂ ಮುಚ್ಚುತ್ತೆ. ಆಮೇಲೆ ಉಳಿದದ್ದು ಸುರಿದು, ಆರಿದ ಮೇಲೆ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು ಪೇಪರ್ ಸುಲಿಯಿರಿ. ಫ್ರೀಜರ್ ಬೇಡ, ಬಾಮ್ ಕಡ್ಡಿ ಬಿರುಕು ಬಿಡುತ್ತೆ.

ತುಂಬೋ ಮುಂಚೆ ಹಳೇ ಬಣ್ಣವನ್ನು ಟೂತ್‌ಪಿಕ್‌ನಿಂದ ಕೆರೆದು, ಎಣ್ಣೆ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಕೊನೆಗೆ ಬಟ್ಟಲಿನ ಒಳಗೆ ಮಾತ್ರ ಸ್ಪಿರಿಟ್ ಸವರಿ. ಟ್ಯೂಬನ್ನು ನೀರಲ್ಲಿ ಕುದಿಸಲೇಬೇಡಿ, ನೆನೆಹಾಕಲೂಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತೆ, ಸುರುಳಿಯ ಗ್ರೀಸ್ ಹೋಗುತ್ತೆ, ಒಳಗೆ ನಿಂತ ನೀರು ಬೂಷ್ಟು ಹಿಡಿಸುತ್ತೆ. ಹೊರಗಿನ ಮೆರುಗಿಗೂ ಸ್ಪಿರಿಟ್ ಉಜ್ಜಬೇಡಿ.

ಪ್ರಶ್ನೆ (ಮಂಡ್ಯ): ಬಾಮ್ ಅಳತೆ ಹೇಳಿ ಅಕ್ಕ. ನಮ್ಮ ಏಪ್ರಿಲ್ ಬಿಸಿಲಿಗೆ ನಿಲ್ಲಬೇಕು.

ಉತ್ತರ: ಕೊಬ್ಬರಿ ಎಣ್ಣೆ 25 ಡಿಗ್ರಿ ಹತ್ತಿರಕ್ಕೇ ಕರಗುತ್ತೆ, ಅದನ್ನೇ ನಂಬಿದರೆ ಬೇಸಿಗೆಯಲ್ಲಿ ಕಡ್ಡಿ ವಾಲುತ್ತೆ. ಜೇನುಮೇಣ 5 ಗ್ರಾಂ, ಹರಳೆಣ್ಣೆ 7 ಗ್ರಾಂ, ಕೊಬ್ಬರಿ ಎಣ್ಣೆ 3 ಗ್ರಾಂ. ಒಂದು ಟ್ಯೂಬಿಗೆ 4 ಗ್ರಾಂ ಅಂತ ಹಿಡಿದರೆ ಮೂರು ತುಂಬುತ್ತೆ, ಉಳಿದದ್ದು ಪಾತ್ರೆಗೆ ಅಂಟುತ್ತೆ. ಜೇನುಮೇಣ ಕರಗೋದು 62–64 ಡಿಗ್ರಿಗೆ, ಆದ್ದರಿಂದ ಮೇಣ, ಎಣ್ಣೆ ಹಾಕಿದ ಬೇರೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದರೆ ಸಾಕು. ಒಂದು ಹನಿ ನೀರೂ ಒಳಗೆ ಬೀಳಬಾರದು. ಎಷ್ಟೇ ಮೇಣ ಹಾಕಿದರೂ ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ.

ಇನ್ನೊಂದು ಒಳ್ಳೇ ಉಪಯೋಗ ಇದೆ. ಹಣೆಗೆ ಮೇಣ ಹಚ್ಚಿ ಕುಂಕುಮ ಇಡೋರಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಮೇಣ 6 ಗ್ರಾಂ, ಹರಳೆಣ್ಣೆ 6 ಗ್ರಾಂ ಹಾಕಿ ಕಡ್ಡಿ ಮಾಡಿಕೊಡಿ. ಬೆರಳು ಅಂಟಾಗಲ್ಲ, ಬ್ಯಾಗಿನಲ್ಲಿ ಒಯ್ಯಬಹುದು. ಪೂಜೆ ಅಂಗಡಿಯ ಕುಂಕುಮವನ್ನು ಬಣ್ಣಕ್ಕೆ ಅಂತ ಲಿಪ್‌ಬಾಮ್‌ಗೆ ಬೆರೆಸಬೇಡಿ, ಅದು ಹೊಟ್ಟೆಗೆ ಹೋಗೋ ಪದಾರ್ಥ ಅಲ್ಲ.

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಲಿಪ್‌ಸ್ಟಿಕ್ ಬುಡದಲ್ಲೇ ಮುರಿದಿದೆ, ಕಾಂಪ್ಯಾಕ್ಟ್ ಬಿದ್ದು ಪುಡಿಯಾಗಿದೆ. ಎರಡೂ ಉಳಿಯುತ್ತಾ?

ಉತ್ತರ: ಉಳಿಯುತ್ತೆ. ಚಾಕುವಿನ ತುದಿ ಬಿಸಿ ಮಾಡಿ ಮುರಿದ ಎರಡೂ ಮುಖಕ್ಕೆ ತಾಗಿಸಿ, ಮೆತ್ತಗಾದ ತಕ್ಷಣ ಒತ್ತಿ ಕೂರಿಸಿ, ಸುತ್ತಲೂ ಟೂತ್‌ಪಿಕ್‌ನಿಂದ ಸವರಿ, ಫ್ರಿಜ್‌ನಲ್ಲಿ ಅರ್ಧ ಗಂಟೆ. ಬೆಸುಗೆ ಗಟ್ಟಿ ಇರಲ್ಲ, ಹಚ್ಚುವಾಗ ಅರ್ಧ ಸೆಂಟಿಮೀಟರ್‌ಗಿಂತ ಮೇಲೆ ತಿರುಗಿಸಬೇಡಿ.

ಕಾಂಪ್ಯಾಕ್ಟನ್ನು ಗಂಟು ಉಳಿಯದ ಹಾಗೆ ನುಣ್ಣಗೆ ಪುಡಿ ಮಾಡಿ, ಇಲ್ಲದಿದ್ದರೆ ಒಣಗಿದ ಮೇಲೆ ಗಂಟಿನ ಸುತ್ತ ಬಿರುಕು ಬಿಡುತ್ತೆ. ಮೆಡಿಕಲ್ ಶಾಪಿನ 70% ಐಸೊಪ್ರೊಪೈಲ್ ಆಲ್ಕೋಹಾಲನ್ನು ಹನಿಹನಿಯಾಗಿ ಹಾಕಿ, ಒದ್ದೆ ಮರಳಿನಂತಾದಾಗ ನಿಲ್ಲಿಸಿ. ಮೇಲೆ ಟಿಶ್ಯೂ ಹಾಸಿ, ನಾಣ್ಯ ಇಟ್ಟು ಒತ್ತಿ. ಒದ್ದೆಯಾದಾಗೆಲ್ಲ ಟಿಶ್ಯೂ ಬದಲಿಸಿ. ಮುಚ್ಚಳ ತೆಗೆದು ಒಂದು ದಿನ ಒಣಗಿಸಿ, ಹಸಿ ಇದ್ದಾಗ ಮುಚ್ಚಿದರೆ ಮತ್ತೆ ಕುಸಿಯುತ್ತೆ. ಸ್ಯಾನಿಟೈಸರ್ ಜೆಲ್ ಬೇಡ, ಅದರ ಗ್ಲಿಸರಿನ್ ಉಳಿದುಕೊಂಡು ಮೇಲ್ಮೈ ಜಡ್ಡಾಗುತ್ತೆ, ಬ್ರಷ್‌ಗೆ ಪುಡಿ ಹತ್ತಲ್ಲ.

ಪ್ರಶ್ನೆ (ಮಂಡ್ಯ): ಒಣಗಿದ ಮಸ್ಕಾರಾಗೆ ನೀರು ಹಾಕಬಹುದಾ? ಲಿಕ್ವಿಡ್ ಮ್ಯಾಟ್ ಲಿಪ್‌ಸ್ಟಿಕ್ ಕಾಯಿಸಿ ಕರಗಿಸಬಹುದಾ?

ಉತ್ತರ: ಎರಡೂ ಬೇಡ ತಂಗಿ. ನೀರು ಸೇರಿದ ಮಸ್ಕಾರಾದಲ್ಲಿ ರೋಗಾಣು ಬೆಳೆಯುತ್ತೆ. ತೆರೆದು ಮೂರು ತಿಂಗಳಾದರೆ ಎಸೆಯಿರಿ. ಕಣ್ಣು ಬಂದಾಗ ಬಳಸಿದ ಕಾಜಲ್ ಕೂಡ ಅಷ್ಟೇ. ಲಿಕ್ವಿಡ್ ಮ್ಯಾಟ್‌ನಲ್ಲಿ ಆರಿಹೋಗೋ ದ್ರಾವಕ ಇರುತ್ತೆ, ಕಾಯಿಸಿದರೆ ಕರಗಲ್ಲ, ರಬ್ಬರಿನ ಹಾಗೆ ಎಳೆಯುತ್ತೆ. ಕಡ್ಡಿ ಲಿಪ್‌ಸ್ಟಿಕ್ ತುಂಡುಗಳನ್ನಾದರೆ ಬೆರೆಸಿ ಕರಗಿಸಬಹುದು, ಬಣ್ಣ ತಳಕ್ಕಿಳಿಯದ ಹಾಗೆ ಸುರಿಯೋವರೆಗೂ ಕಲಕುತ್ತಿರಿ. ಹಳೇ ಎಣ್ಣೆಯ ಕಮಟು ವಾಸನೆ ಬಂದ ತುಂಡನ್ನು ಮಾತ್ರ ಸೇರಿಸಬೇಡಿ, ಒಂದೇ ತುಂಡು ಇಡೀ ಟ್ಯೂಬ್ ಕೆಡಿಸುತ್ತೆ.