ಜಪಾನಿ ಕತ್ತಿಯ ಬಾಯಿಗೆ ಅಡ್ಡಲಾಗಿ ಕಾಣುವ ಗೆರೆ: ಗೀರೋ, ಬಿರುಕೋ?

ಕಕ್ಕಬ್ಬೆಯಿಂದ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದ ನಮ್ಮ ತಾತ 1945ರ ಶರಣಾಗತಿಯ ನಂತರ ತಂದ ಜಪಾನಿ ಕತ್ತಿಯೊಂದು ನಮ್ಮ ಐನ್‌ಮನೆಯಲ್ಲಿದೆ. ಒರೆ ಮತ್ತು ಹಿಡಿಗಳು ಆ ಕಾಲದ ಸೈನ್ಯದ ಮಾದರಿಯವು. ಆದರೆ ಬಿದಿರಿನ ಮೊಳೆಯನ್ನು ತೆಗೆದು ಹಿಡಿಯನ್ನು ಬಿಚ್ಚಿದಾಗ ಒಳಗಿನ ಭಾಗ ಕಪ್ಪಗೆ ತುಕ್ಕು ಕಟ್ಟಿದ್ದು, ಅದರ ಮೇಲೆ ಎರಡು ಅಕ್ಷರಗಳ ಕೆತ್ತನೆ ಕಂಡಿತು. ಹಾಗಾಗಿ ಅಲಗು ಒರೆಗಿಂತ ಬಹಳ ಹಳೆಯದಿರಬಹುದೆಂದು ಊಹಿಸಿದ್ದೇನೆ. ತುದಿಯಿಂದ, ಹಿಡಿ ಆರಂಭವಾಗುವಲ್ಲಿ ಬೆನ್ನಿನಲ್ಲಿರುವ ಕಚ್ಚಿನವರೆಗೆ ಅಳೆದರೆ 66 ಸೆಂ.ಮೀ. ಇದೆ.

ಅಲಗಿನಲ್ಲಿ ಮೂರು ದೋಷಗಳು ಕಾಣುತ್ತವೆ. ಪಕ್ಕದ ಮೈಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಗುಳ್ಳೆಯೊಂದು ಒಡೆದು ಬಾಯಿ ಬಿಟ್ಟಿದೆ. ಬೆನ್ನಿನ ಹತ್ತಿರ ಉದ್ದಕ್ಕೂ ಮರದ ಎಳೆಗಳಂತೆ ಸಣ್ಣ ಸೀಳುಗಳಿವೆ. ತುದಿಯಿಂದ ಸುಮಾರು ಒಂದು ಗೇಣು ಕೆಳಗೆ, ಬಾಯಿಗೆ ನೇರ ಅಡ್ಡಲಾಗಿ ಕೂದಲೆಳೆಯಂಥ ಒಂದು ಗೆರೆಯಿದೆ. ನನ್ನನ್ನು ಕಾಡುತ್ತಿರುವುದು ಆ ಗುಳ್ಳೆ. ಸಾಣೆ ಹಿಡಿಯುವ ಒಬ್ಬರು ಮೂರನ್ನೂ ಉಜ್ಜಿ ತೆಗೆದುಕೊಡುವುದಾಗಿ ಹೇಳುತ್ತಿದ್ದಾರೆ. ಜೊತೆಗೆ, ಕೈಲ್‌ಪೊಳ್ದ್ ಹಬ್ಬಕ್ಕೆ ಆಯುಧಗಳನ್ನೆಲ್ಲ ತೊಳೆದು ಪೂಜೆಗಿಡುವಾಗ ಹಿಡಿಯೊಳಗಿನ ತುಕ್ಕನ್ನೂ ಹುಣಸೆಹಣ್ಣು ಹಾಕಿ ಉಜ್ಜಬೇಕೆಂದು ಮನೆಯ ಹಿರಿಯರು ಹೇಳುತ್ತಾರೆ. ನಾನು ಏನು ಮಾಡಲಿ?

ಒಸಾಕಾದಿಂದ (ಉತ್ತರ):

ಮೊದಲು ಎರಡು ಕೆಲಸಗಳನ್ನು ದಯವಿಟ್ಟು ನಿಲ್ಲಿಸಿ. ಹುಣಸೆಹಣ್ಣನ್ನು ಹಿಡಿಯೊಳಗಿನ ಭಾಗಕ್ಕೆ ತಾಗಿಸಬೇಡಿ. ಜಪಾನಿನವರು ನಕಾಗೊ ಎಂದು ಕರೆಯುವ ಆ ಭಾಗದ ತುಕ್ಕಿನ ಬಣ್ಣ, ಅರದ ಗೆರೆಗಳ ಓರೆ, ಕೆತ್ತನೆಯ ಅಂಚಿನ ಸವೆತ, ಇವುಗಳಿಂದಲೇ ಅಲಗಿನ ವಯಸ್ಸನ್ನೂ ಸಹಿಯ ಸಾಚಾತನವನ್ನೂ ಅಳೆಯುತ್ತಾರೆ; ಒಮ್ಮೆ ಬೆಳಗಿಬಿಟ್ಟರೆ ಆ ಸಾಕ್ಷ್ಯ ಮರಳಿ ಬರುವುದಿಲ್ಲ. ಸಾಣೆಯವರಿಗೂ ಸದ್ಯಕ್ಕೆ ಬೇಡವೆನ್ನಿ. ಯಂತ್ರದ ಸಾಣೆಚಕ್ರ ಅಲಗಿನ ಏಣುಗಳನ್ನು ದುಂಡಗೆ ಮಾಡುತ್ತದೆ, ಅದರ ಬಿಸಿಗೆ ಬಾಯಿಯ ಹದವೂ ಕೆಡಬಹುದು. ಜಪಾನಿನ ತೊಗಿಶಿಗಳು, ಎಂದರೆ ಕತ್ತಿಗಳಿಗೇ ಮೀಸಲಾದ ಸಾಣೆಗಾರರು, ಒಂದರ ನಂತರ ಒಂದು ನಯವಾದ ಕಲ್ಲುಗಳಿಂದ ಕೈಯಲ್ಲೇ ವಾರಗಟ್ಟಲೆ ಉಜ್ಜುತ್ತಾರೆ.

ಇನ್ನು ದೋಷಗಳ ವಿಷಯ. ನೀವು ಹೆದರಿದ್ದು ಗುಳ್ಳೆಗೆ, ನಾನು ಹೆದರುತ್ತಿರುವುದು ಕೂದಲೆಳೆಗೆ. ಉಕ್ಕನ್ನು ಹತ್ತು-ಹದಿನೈದು ಬಾರಿ ಮಡಚಿ ಬಡಿದು ಬೆಸೆಯುವಾಗ ಪದರಗಳ ನಡುವೆ ಕಿಟ್ಟ ಸಿಕ್ಕಿಕೊಂಡರೆ ಅಲ್ಲಿ ಬೆಸುಗೆ ಕೂಡುವುದಿಲ್ಲ. ಶತಮಾನಗಳ ಸಾಣೆಯಿಂದ ಮೇಲಿನ ಪದರ ತೆಳುವಾದಾಗ ಆ ಜಾಗ ಗುಳ್ಳೆಯಾಗಿ ಎದ್ದು ಒಡೆಯುತ್ತದೆ. ಇದು ಫುಕುರೆ. ಪದರದ ಗೆರೆಯನ್ನೇ ಹಿಡಿದು ಉದ್ದಕ್ಕೆ ಬಿಡುವ ಸೀಳು ವಾರೆ. ಎರಡೂ ನೋಟಕ್ಕೆ ಕುಂದು, ಬೆಲೆಗೂ ಕುಂದು, ಆದರೆ ಅಲಗಿನ ಪ್ರಾಣಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಒಡೆದ ಗುಳ್ಳೆಗೆ ಅದೇ ಬಗೆಯ ಹಳೆಯ ಉಕ್ಕಿನ ಚೂರನ್ನು ಕೂರಿಸಿ ತೇಪೆ ಹಾಕುವ ಉಮೆಗಾನೆ ಎಂಬ ಕ್ರಮವೂ ಹಿಂದಿನಿಂದ ಇದೆ.

ಬಾಯಿಗೆ ಅಡ್ಡಲಾದ ಬಿರುಕಿನ ಹೆಸರು ಹಗಿರಿ. ಅದಕ್ಕೆ ಮದ್ದಿಲ್ಲ. ನೀವು ಬರೆದುದರಿಂದಷ್ಟೇ ತೀರ್ಮಾನ ಹೇಳಲಾರೆ, ಆದ್ದರಿಂದ ಹೀಗೆ ಪರೀಕ್ಷಿಸಿ. ಕೋಣೆಯನ್ನು ಕತ್ತಲೆ ಮಾಡಿ ಒಂದೇ ಒಂದು ದೀಪ ಇರಿಸಿ, ಅಲಗನ್ನು ಆ ದೀಪದ ಕಡೆಗೆ ಚಾಚಿ ನಿಧಾನವಾಗಿ ಓರೆ ಮಾಡುತ್ತ 10 ಪಟ್ಟಿನ ಭೂತಕನ್ನಡಿಯಲ್ಲಿ ನೋಡಿ. ಗೀರಾದರೆ ಅದಕ್ಕೆ ಅಗಲವೂ ತಳವೂ ಇರುತ್ತವೆ, ಯಾವುದೋ ಒಂದು ಕೋನದಲ್ಲಿ ತಳ ಮಿನುಗುತ್ತದೆ. ಬಿರುಕಾದರೆ ಎಷ್ಟು ತಿರುಗಿಸಿದರೂ ಅಗಲವಿಲ್ಲದ ಕಪ್ಪು ಎಳೆಯಾಗಿಯೇ ಉಳಿಯುತ್ತದೆ. ಆಮೇಲೆ ಅಲಗನ್ನು ಮಗುಚಿ, ಅದೇ ಜಾಗದಲ್ಲಿ ಇನ್ನೊಂದು ಪಕ್ಕಕ್ಕೂ ಗೆರೆ ಇದೆಯೇ ಎಂದು ನೋಡಿ. ಕೊನೆಗೆ ಶುದ್ಧ ಆಲ್ಕೋಹಾಲಿನಿಂದ ಎಣ್ಣೆಯನ್ನು ಪೂರ್ತಿ ಒರೆಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿ. ಬಿರುಕಿನೊಳಗೆ ಉಳಿದ ಎಣ್ಣೆ ಮೆಲ್ಲನೆ ಹೊರಗೆ ಜಿನುಗಿ ಗೆರೆಯ ಅಕ್ಕಪಕ್ಕ ಮಂಕಾಗಿ ಹರಡುತ್ತದೆ. ಉಗುರಿನಿಂದಲೂ ಸೂಜಿಯಿಂದಲೂ ಕೆದಕಬೇಡಿ.

ಭದ್ರಾವತಿಯಿಂದ:

ನಾನು ಕತ್ತಿಗಳನ್ನು ಬಲ್ಲವನಲ್ಲ, ಆದರೆ ಉಕ್ಕಿನ ಪರೀಕ್ಷಾಲಯದಲ್ಲಿ ಬಹಳ ವರ್ಷ ಬಿರುಕುಗಳನ್ನೇ ನೋಡಿದವನಾದ್ದರಿಂದ ಉದ್ದದ ಸೀಳಿಗೂ ಅಡ್ಡದ ಸೀಳಿಗೂ ಇಷ್ಟು ವ್ಯತ್ಯಾಸ ಏಕೆಂದು ಹೇಳಬಲ್ಲೆ. ಈ ಅಲಗುಗಳ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಜೇಡಿ ಬಳಿದು, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳುವಾಗಿ ಬಳಿದ ಬಾಯಿ ಥಟ್ಟನೆ ತಣಿದು ಮಾರ್ಟೆನ್ಸೈಟ್ ಆಗುತ್ತದೆ, ಎಂದರೆ ಅತಿ ಗಡಸು, ಆದರೆ ಬಾಗದೆ ಮುರಿಯುವ ಗುಣ. ಬೆನ್ನು ಮೆತ್ತಗೆ ಉಳಿಯುತ್ತದೆ. ಅಲಗಿನ ಮೇಲೆ ಕಾಣುವ ಮಂಜಿನಂಥ ಬಿಳಿ ಅಲೆ, ಹಮೊನ್, ಆ ಗಡಸು ಭಾಗದ ಎಲ್ಲೆ. ಕತ್ತಿ ಬಾಗಿದಾಗ ಎಳೆತ ಬೀಳುವುದು ಉದ್ದದ ದಿಕ್ಕಿನಲ್ಲಿ. ಉದ್ದಕ್ಕಿರುವ ಸೀಳು ಆ ಎಳೆತಕ್ಕೆ ಸಮಾನಾಂತರವಾಗಿರುವುದರಿಂದ ತೆರೆದುಕೊಳ್ಳುವುದಿಲ್ಲ. ಅಡ್ಡಕ್ಕಿರುವ ಬಿರುಕಾದರೋ ಎಳೆತವನ್ನೆಲ್ಲ ತನ್ನ ತುದಿಗೆ ಒಟ್ಟುಗೂಡಿಸಿಕೊಳ್ಳುತ್ತದೆ, ಒಂದೇ ಪೆಟ್ಟಿಗೆ ಅಲಗು ಅಲ್ಲಿಂದ ತುಂಡಾಗಬಹುದು. ಉಜ್ಜಿ ತೆಗೆಯೋಣವೆಂದರೆ ಬಿರುಕಿನ ಆಳದವರೆಗೆ ಗಡಸು ಬಾಯಿಯನ್ನೇ ತೆಗೆಯಬೇಕು, ಆಗ ಉಳಿಯುವುದು ಬರಿಯ ಮೆದು ಕಬ್ಬಿಣ.

ಕಕ್ಕಬ್ಬೆಯಿಂದ:

ಹೇಳಿದಂತೆ ನೋಡಿದೆ. ಗೆರೆ ಎರಡೂ ಪಕ್ಕದಲ್ಲಿದೆ. ಒಂದು ಪಕ್ಕಕ್ಕೆ ಸುಮಾರು 3 ಮಿ.ಮೀ., ಇನ್ನೊಂದಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ. ಯಾವ ಕೋನದಲ್ಲೂ ಮಿನುಗಲಿಲ್ಲ. ಎರಡು ಗಂಟೆಯ ನಂತರ ಎಣ್ಣೆ ಜಿನುಗಿತ್ತು. ಇದಲ್ಲದೆ ಹಿಡಿಯ ಬಳಿ, ಹಮೊನ್ ಆರಂಭವಾಗುವಲ್ಲಿ, ಬೆಳ್ಳಗಿನ ಒಂದು ಮಬ್ಬು ಪಟ್ಟಿ ಓರೆಯಾಗಿ ಮೇಲೇರಿದೆ. ಬೆನ್ನಿನ ಮೇಲೆ ಇನ್ನೊಂದು ಕತ್ತಿಯ ಏಟಿನಂಥ ಕಚ್ಚೂ ಇದೆ. ಇವೂ ದೋಷಗಳೇ?

ಒಸಾಕಾದಿಂದ:

ಹಾಗಾದರೆ ಅದು ಹಗಿರಿಯೇ. ಈ ಮಾತನ್ನು ಬರೆಯಲು ನನಗೆ ನಿಜವಾಗಿಯೂ ಬೇಸರವಾಗುತ್ತಿದೆ.

ಬೆನ್ನಿನ ಕಚ್ಚನ್ನು ಕಿರಿಕೊಮಿ ಎನ್ನುತ್ತಾರೆ. ಎದುರಾಳಿಯ ಏಟನ್ನು ತಡೆದ ಆ ಗುರುತನ್ನು ದೋಷವೆಂದು ಎಣಿಸುವುದಿಲ್ಲ, ಗೌರವದಿಂದ ಹಾಗೆಯೇ ಉಳಿಸುತ್ತಾರೆ. ಮಬ್ಬು ಪಟ್ಟಿಯ ವಿಷಯ ಸೂಕ್ಷ್ಮವಾದದ್ದು. ಅದರ ಹೆಸರು ಮಿಝುಕಾಗೆ, ನೀರಿನ ನೆರಳು. ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡ ಅಲಗಿಗೆ ಮತ್ತೆ ಹದ ಕೊಟ್ಟಾಗ ಇದು ಮೂಡುವುದುಂಟು, ಆದ್ದರಿಂದ ಇದನ್ನು ಕಂಡೊಡನೆ ಮರುಹದದ ಅಲಗೆಂದು ತಳ್ಳಿಹಾಕುವವರೇ ಹೆಚ್ಚು. ಅದು ಅವಸರದ ತೀರ್ಪು. ಕ್ಯೋಟೊದ ಕತ್ತಿ ಕಮ್ಮಾರ ಹೊರಿಕಾವಾ ಕುನಿಹಿರೊನ ಅಲಗುಗಳಲ್ಲಿ ಮೊದಲ ಹದದಿಂದಲೇ ಮಿಝುಕಾಗೆ ಕಾಣುತ್ತದೆ. ನಕಾಗೊದ ಮೈ ಬೆಂಕಿಯಲ್ಲಿ ಬೆಂದಂತೆ ಒರಟಾಗಿದೆಯೇ, ಅರದ ಗೆರೆಗಳು ಅಳಿಸಿಹೋಗಿವೆಯೇ, ಬಾಗು ಅಸಹಜವಾಗಿದೆಯೇ ಎಂದು ಕೂಡಿಸಿ ನೋಡಬೇಕು. ಮರುಹದವಾದರೂ ಎಲ್ಲವೂ ಮುಗಿಯಿತೆಂದಲ್ಲ: 1615ರಲ್ಲಿ ಒಸಾಕಾ ಕೋಟೆ ಬಿದ್ದಾಗ ಸುಟ್ಟ ಹೆಸರಾಂತ ಕತ್ತಿಗಳಿಗೆ ಕೋಟೆಯನ್ನು ಗೆದ್ದ ತೊಕುಗಾವಾ ಇಎಯಾಸು ಎಚಿಜ಼ೆನ್‌ನ ಕತ್ತಿ ಕಮ್ಮಾರ ಯಾಸುತ್ಸುಗುವಿನಿಂದ ಮರುಹದ ಕೊಡಿಸಿದ, ಅವುಗಳಲ್ಲಿ ಕೆಲವನ್ನು ಇಂದಿಗೂ ನಿಧಿಯಂತೆ ಕಾಯುತ್ತಾರೆ.

ಭದ್ರಾವತಿಯಿಂದ:

ಒಂದು ಸಂದೇಹ. ಮರುಹದ ಕೊಡುವಾಗಲೇ ಈ ಬಿರುಕು ಹುಟ್ಟಿರಬಹುದಲ್ಲವೇ? ಒಮ್ಮೆ ಹದಗೊಂಡ ಉಕ್ಕನ್ನು ಮತ್ತೆ ನೀರಿಗೆ ಅದ್ದುವುದು ಬಹಳ ಅಪಾಯದ ಕೆಲಸ.

ಒಸಾಕಾದಿಂದ:

ಖಂಡಿತ ಸಾಧ್ಯ. ಬಾಗಿದ ಅಲಗನ್ನು ನೇರ ಮಾಡುವಾಗಲೂ, ಗಟ್ಟಿ ವಸ್ತುವಿಗೆ ಬಾಯಿ ಬಡಿದಾಗಲೂ ಹುಟ್ಟುತ್ತದೆ. ಬಾಗಿದ್ದರೆ ಗೆರೆಯ ಆಸುಪಾಸಿನ ಮೈಮೇಲೆ ಶಿನಾಯೆ ಎಂಬ ಸಣ್ಣ ಅಡ್ಡ ಸುಕ್ಕುಗಳಿರುತ್ತವೆ. ನಮ್ಮ ಮಿತ್ರರು ಅವನ್ನೂ ಹುಡುಕಲಿ.

ಕಕ್ಕಬ್ಬೆಯವರಿಗೆ ನನ್ನ ಸಲಹೆ ಇಷ್ಟು. ಈ ಅಲಗಿಗೆ ಜಪಾನಿನ ಸಾಣೆಯ ಖರ್ಚು ಹಾಕಬೇಡಿ, ಮಾರಾಟದ ದೃಷ್ಟಿಯಿಂದ ಆ ಹಣ ಹಿಂದಿರುಗುವುದಿಲ್ಲ. ಎಂದೂ ಬೀಸಬೇಡಿ, ಏನನ್ನೂ ಕಡಿಯಬೇಡಿ. ಆದರೆ ನಕಾಗೊದ ಎರಡೂ ಪಕ್ಕದ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ; ಸಹಿ ಸಾಚಾ ಆಗಿದ್ದು ಅಲಗು 1596ಕ್ಕಿಂತ ಹಿಂದಿನ ಕೊತೊ ಕಾಲದ್ದಾದರೆ, ಹಗಿರಿ ಇದ್ದರೂ ಅಧ್ಯಯನಕ್ಕೆ ಅದು ಅಮೂಲ್ಯ.

ಕಕ್ಕಬ್ಬೆಯಿಂದ:

ಸಾಣೆಯವರಿಗೆ ಬೇಡವೆಂದು ಹೇಳಿದ್ದೇನೆ. ಹಿರಿಯರಿಗೂ ವಿವರಿಸಿದೆ, ಈ ಬಾರಿ ಹಿಡಿ ಬಿಚ್ಚದೆ, ಹೂವಿಟ್ಟು ಪೂಜಿಸಿದರೆ ಸಾಕೆಂದು ಒಪ್ಪಿದರು. ಶಿನಾಯೆ ನನ್ನ ಕಣ್ಣಿಗೆ ಕಾಣಲಿಲ್ಲ. ನಮ್ಮಲ್ಲಿ ಮಳೆಗಾಲದ ತೇವ ಬಹಳ, ಅದಕ್ಕೇನು ಮಾಡಲಿ?

ಒಸಾಕಾದಿಂದ:

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಳೆಯ ಎಣ್ಣೆಯನ್ನು ಮೆದು ಕಾಗದದಿಂದ ಒರೆಸಿ, ಹೊಲಿಗೆ ಯಂತ್ರಕ್ಕೆ ಬಳಸುವಂಥ ತೆಳು ಖನಿಜ ಎಣ್ಣೆಯನ್ನು ಮಂಜಿನ ಹನಿಯಷ್ಟೇ ಹಚ್ಚಿ. ತೆಂಗಿನೆಣ್ಣೆ ಬೇಡ, ಅದು ಕಮಟುತ್ತದೆ. ಒರೆಸುವಾಗ ಕೈ ಬೆನ್ನಿನ ಕಡೆಯಿಂದಲೇ ಹೋಗಲಿ, ಬಿರುಕಿನ ಜಾಗದಲ್ಲಿ ಒತ್ತಬೇಡಿ.