ಟ್ಯಾಬ್‌ನಲ್ಲಿ ನೆನಪಿನ ಪರೀಕ್ಷೆ: ಏಳನೇ ಕ್ಲಾಸ್ ಓದಿದ ಅಮ್ಮನ ಅಂಕ ನಂಬಬಹುದಾ?

ಕೇಳಿದ್ದು: ಅಮ್ಮನಿಗೆ 69. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸ್‌ವರೆಗೆ ಓದು. ಹೇಳಿದ್ದನ್ನೇ ಹೇಳ್ತಾರೆ, ಒಲೆ ಮೇಲೆ ಹಾಲಿಟ್ಟು ಮರೀತಾರೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಮುಂದಿನ ವಾರ ಟ್ಯಾಬ್‌ನಲ್ಲಿ ಪರೀಕ್ಷೆ ಇದೆ. ಮನೆಯಲ್ಲಿ ಅಭ್ಯಾಸ ಮಾಡಿಸಬೇಕಾ?

ಪರೀಕ್ಷೆ ಮಾಡಿಸುವ ಕೆಲಸದವರು: ಅಭ್ಯಾಸ ಬೇಡವೇ ಬೇಡ. ಅದೇ ಪ್ರಶ್ನೆಗಳನ್ನು ಎರಡನೇ ಸಲ ನೋಡಿದವರಿಗೆ ಅಂಕ ತಾನಾಗಿ ಏರುತ್ತೆ, ಇಳಿಕೆ ಅದರಡಿ ಮುಚ್ಚಿಹೋಗುತ್ತೆ. ಮಾಡಿಸಲೇಬೇಕು ಅಂದ್ರೆ ಪರದೆ ಮುಟ್ಟೋದನ್ನು ಕಲಿಸಿ, ಅಷ್ಟೇ. ವಯಸ್ಸಾದವರು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿ ಹಿಡೀತಾರೆ, ಟ್ಯಾಬ್ ಅದನ್ನು ಬೇರೆ ಆಜ್ಞೆ ಅಂದ್ಕೊಳ್ಳುತ್ತೆ. ಒಣಗಿದ ಬೆರಳಿನ ಸ್ಪರ್ಶವನ್ನು ಎಷ್ಟೋ ಸಲ ಗುರುತಿಸೋದೇ ಇಲ್ಲ. ಅಂಗೈ ಅಂಚಿಗೆ ತಾಗಿದ್ರೆ ಅದೂ ಒಂದು ಉತ್ತರ! ಟ್ಯಾಬನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡಲಿ.

ದೂರದ ಕನ್ನಡಕ ಹಾಕಿಸಿ ಕರೆತರೋದು ಮಾಮೂಲಿ ತಪ್ಪು. ಓದೋ ಕನ್ನಡಕ ತನ್ನಿ. ಶ್ರವಣ ಯಂತ್ರ ಇದ್ರೆ ಹೊಸ ಬ್ಯಾಟರಿ ಹಾಕಿ, ಹೇಳಿದ ಪದ ಕಿವಿಗೇ ಬೀಳದಿದ್ರೆ ನೆನಪಿನ ಲೆಕ್ಕಕ್ಕೆ ಅರ್ಥವಿಲ್ಲ. ಸಮಯ ಬೆಳಗ್ಗೆ, ತಿಂಡಿ ಆದ ಮೇಲೆ. ಇನ್ನೊಂದು, ಮುಂದಿನ ವರ್ಷವೂ ಅದೇ ಯಂತ್ರದಲ್ಲೇ ಮಾಡಿಸಿ. ಸ್ಪರ್ಶ ದಾಖಲಾಗೋ ವೇಗ ಒಂದೊಂದು ಟ್ಯಾಬ್‌ನಲ್ಲಿ ಒಂದೊಂದು ಥರ, ಹಾಗಾಗಿ ಟ್ಯಾಬ್ ಬದಲಾದ್ರೆ ಪ್ರತಿಕ್ರಿಯೆ ಸಮಯವನ್ನು ಹೋಲಿಸಿ ಪ್ರಯೋಜನವಿಲ್ಲ.

ನ್ಯೂರೋಸೈಕಾಲಜಿ (ನೆನಪು, ಗಮನದಂಥ ಮಿದುಳಿನ ಕೆಲಸ ಅಳೆಯೋ ವಿಭಾಗ) ಕಡೆಯವರು: ಮೊದಲು ಕೇಳಬೇಕಾದ ಪ್ರಶ್ನೆ, ಈ ಪರೀಕ್ಷೆಯ ಮಾನದಂಡ, ಅಂದ್ರೆ ಎಷ್ಟು ಅಂಕ ಬಂದ್ರೆ ಸರಿ ಅನ್ನೋ ಲೆಕ್ಕ, ಯಾರ ಮೇಲೆ ಕಟ್ಟಿದ್ದು? ಇಂಗ್ಲಿಷಿನದನ್ನು ಸುಮ್ನೆ ಅನುವಾದಿಸಿದ್ರೆ ಸಾಲದು. ಕಾಗದದ ಮೇಲೆ ಮಾಡೋ ಮೋಕಾ (MoCA) ಅನ್ನೋ ನೆನಪು-ಬುದ್ಧಿಯ ಕಿರು ಪರೀಕ್ಷೆ ತಗೊಳ್ಳಿ: 30ಕ್ಕೆ 26 ಬಂದ್ರೆ ಸರಿ, 12 ವರ್ಷ ಅಥವಾ ಕಡಿಮೆ ಓದಿದವರಿಗೆ 1 ಅಂಕ ಸೇರಿಸ್ತಾರೆ. ಪೆನ್ನು ಹಿಡಿದು ದಶಕಗಳಾದವರಿಗೆ ಗಡಿಯಾರದ ಚಿತ್ರ, ಘನದ ಚಿತ್ರ ಬಿಡಿಸೋಕೆ ಆ ಒಂದು ಅಂಕ ಎಲ್ಲಿ ಸಾಕು? ನಿಮ್ಮ ಅಮ್ಮನಿಗೆ 26ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಗಾಬರಿ ಬೇಡ. ಕನ್ನಡದಲ್ಲೇ ಮಾನದಂಡ ಇರೋವು ಇವೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪರೀಕ್ಷಾ ಗುಚ್ಛ ಕನ್ನಡ ಸೇರಿ ಐದು ಭಾಷೆಯಲ್ಲಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ವಯಸ್ಸಾಗೋ ಮಿದುಳಿನ ಬಗ್ಗೆ ನಡೆಯೋ ಅಧ್ಯಯನದಲ್ಲಿ ಕಾಗ್ನಿಟೊ ಅನ್ನೋ ಕಂಪ್ಯೂಟರ್ ಪರೀಕ್ಷೆ ಬಳಸ್ತಾರೆ.

ಒಟ್ಟು ಅಂಕಕ್ಕಿಂತ ನಾನು ನೋಡೋದು ಪದಗಳ ಪಟ್ಟಿ. ಐದು ಪದ ಹೇಳಿ, ಬೇರೆ ಕೆಲಸ ಕೊಟ್ಟು, ಐದು ನಿಮಿಷಕ್ಕೆ ಕೇಳ್ತೀವಿ. "ಬಾಳೆಹಣ್ಣು" ಬರಲಿಲ್ಲ. "ಅದೊಂದು ಹಣ್ಣು" ಅಂತ ಸುಳಿವು ಕೊಟ್ಟ ಕೂಡಲೇ "ಓ, ಬಾಳೆಹಣ್ಣು!" ಅಂದ್ರೆ ಪದ ಒಳಗಿದೆ, ತೆಗೆಯೋಕೆ ತಡವರಿಸ್ತಿದ್ದಾರೆ. ಬೇಜಾರು, ನಿದ್ದೆಗೇಡು, ಗಮನ ಕಮ್ಮಿಯಾದಾಗ ಹೀಗಾಗುತ್ತೆ. ಸುಳಿವು ಕೊಟ್ರೂ "ಹಣ್ಣಾ? ಯಾವಾಗ ಹೇಳಿದ್ರಿ?" ಅಂದ್ರೆ ಪದ ಉಳಿದೇ ಇಲ್ಲ. ಅಲ್ಜೈಮರ್ ಅನುಮಾನ ಬರೋದು ಇಂಥಲ್ಲಿ. ಸುಳಿವಿನ ಹಂತ ಎಷ್ಟೋ ಆ್ಯಪ್‌ಗಳಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ವರದಿಯಲ್ಲಿ ವಿಭಾಗವಾರು ಅಂಕ ಕೇಳಿ ಪಡೀರಿ.

ವೃದ್ಧರ ವೈದ್ಯೆ: ಮೆಟ್‌ಫಾರ್ಮಿನ್ ಹತ್ತು ವರ್ಷ ಅಂದ್ರಲ್ಲ, ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿದ್ದೀರಾ? ಆ ಮಾತ್ರೆ ಬಿ12 ಹೀರಿಕೆ ಕುಗ್ಗಿಸುತ್ತೆ, ಜೊತೆಗೆ ಅಸಿಡಿಟಿಗೆ ಕೊಡೋ ಪ್ಯಾಂಟೊಪ್ರಜೋಲ್ ಇದ್ರೆ ಇನ್ನಷ್ಟು. ಥೈರಾಯ್ಡ್‌ನ ಟಿಎಸ್‌ಎಚ್, ಸೋಡಿಯಂ, ಹಿಮೋಗ್ಲೋಬಿನ್ ಕೂಡ ಮಾಡಿಸಿ. ತಗೊಳ್ಳೋ ಎಲ್ಲ ಮಾತ್ರೆ ಕವರ್‌ಗೆ ಹಾಕಿ ತನ್ನಿ: ನಿದ್ದೆಗೆ ಕೊಡೋ ಆಲ್ಪ್ರಜೋಲಾಂ, ನೆಗಡಿಯ ಕ್ಲೋರ್‌ಫೆನಿರಮೈನ್, ಮೂತ್ರದ ತುರ್ತಿಗೆ ಕೊಡೋ ಆಕ್ಸಿಬ್ಯುಟಿನಿನ್, ಇವೆಲ್ಲ ಮಂಕು ಕವಿಸುತ್ತವೆ. ಪರೀಕ್ಷೆಗೋಸ್ಕರ ನೀವೇ ನಿಲ್ಲಿಸಬೇಡಿ, ನಿದ್ದೆ ಮಾತ್ರೆಯನ್ನಂತೂ ಥಟ್ಟನೆ ಬಿಡಿಸಬಾರದು. ಗೊಂದಲ ಒಂದೆರಡು ದಿನದಲ್ಲೇ ಶುರುವಾಗಿದ್ರೆ ಟ್ಯಾಬ್ ಬಿಟ್ಟು ನೇರ ಆಸ್ಪತ್ರೆಗೆ ಬನ್ನಿ. ಸೋಂಕು, ಸೋಡಿಯಂ ಇಳಿಕೆ, ಪಾರ್ಶ್ವವಾಯು ಇರಬಹುದು.

ಕೇಳಿದವರು: ಪಕ್ಕದಲ್ಲಿ ನಾನು ಕೂರಬಹುದಾ?

ಪರೀಕ್ಷೆ ಮಾಡಿಸುವ ಕೆಲಸದವರು: ಹೊರಗೆ ಕೂತ್ಕೊಳ್ಳಿ. ಮಕ್ಕಳಿಗೆ ಬಾಯಿ ಕಟ್ಟಿ ಕೂರೋಕಾಗಲ್ಲ, "ಅಮ್ಮಾ, ನಿನ್ನೆ ಯಾವ ವಾರ?" ಅಂತ ಸುಳಿವು ಕೊಟ್ಟೇಬಿಡ್ತಾರೆ. ಅಲ್ಲಿ ಕೂತು ಒಂದು ಹಾಳೆ ಬರೀರಿ: ಚೀಟಿ ದುಡ್ಡಿನ ಲೆಕ್ಕ, ಮಾತ್ರೆ, ಒಬ್ಬರೇ ಬಸ್ಸಲ್ಲಿ ಹೋಗೋದು, ಹಬ್ಬದ ಅಡುಗೆ. ಎರಡು ವರ್ಷದ ಹಿಂದೆ ಹೇಗೆ ಮಾಡ್ತಿದ್ರು, ಈಗ ಹೇಗೆ, ಯಾವುದನ್ನು ನೀವು ಕೈಗೆ ತಗೊಂಡ್ರಿ, ಯಾವ ತಿಂಗಳಿಂದ. ಮರೆವಿಗಲ್ಲ, ಮಂಡಿನೋವಿಗೆ ಬಿಟ್ಟಿದ್ದಾದ್ರೆ ಅದನ್ನೂ ಬರೀರಿ.